ಚಂದ್ರನ ಮೇಲೆ ಯಂತ್ರ ಇಳಿಸುವುದು ಯಾಕಿಷ್ಟು ಕಷ್ಟ?

ಮೈಸೂರಿನಿಂದ ಮಂಡ್ಯಕ್ಕೆ ಸುಮಾರು 45 ಕಿ.ಮೀ. ಬಸ್ಸಿನಲ್ಲಿ ಒಂದು ಗಂಟೆ ಹಿಡಿಯುತ್ತದೆ. ಚಂದ್ರನ ಸುತ್ತ ಕೆಳಮಟ್ಟದಲ್ಲಿ ಸುತ್ತುತ್ತಿರುವ ನೌಕೆಗೆ ಇಷ್ಟು ದೂರ ದಾಟಲು 27 ಸೆಕೆಂಡು ಸಾಕು. ಆ ವೇಗದ ನೌಕೆಯನ್ನು ಇಪ್ಪತ್ತು ನಿಮಿಷದೊಳಗೆ, ಮನೆಯ ಒಂದು ಮೆಟ್ಟಿಲು ಧುಮುಕಿದಷ್ಟು ಮೆತ್ತಗೆ, ನೆಲಕ್ಕೆ ಮುಟ್ಟಿಸಬೇಕು. ಪ್ಯಾರಾಚೂಟ್ ಬಿಚ್ಚೋಣವೆಂದರೆ ಅಲ್ಲಿ ಗಾಳಿಯಿಲ್ಲ. ತಿರುಗಿಸಿ, ತಡೆದು ನಡೆಸೋಣವೆಂದರೆ ಒಳಗೆ ಚಾಲಕನೂ ಇಲ್ಲ.

2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ವಿಕ್ರಮ್ ಇದನ್ನು ಮಾಡಿತು. ಅದಕ್ಕೆ ನಾಲ್ಕು ದಿನ ಮೊದಲು ರಷ್ಯಾದ ಲೂನಾ-25 ಚಂದ್ರನಿಗೆ ಅಪ್ಪಳಿಸಿ ಪುಡಿಯಾಗಿತ್ತು. ಆಮೇಲೂ ಜಪಾನ್, ಅಮೆರಿಕದ ನೌಕೆಗಳು ಹೋದವು; ಕೆಲವು ನೆಟ್ಟಗೆ ನಿಂತವು, ಕೆಲವು ಮಗುಚಿಕೊಂಡವು, ಕೆಲವು ಒಡೆದುಹೋದವು. ಈಗ ಚಂದ್ರಯಾನ-4 ಮತ್ತು 5ಕ್ಕೆ ಒಪ್ಪಿಗೆ ಸಿಕ್ಕಿರುವುದರಿಂದ ಮಕ್ಕಳೂ ದೊಡ್ಡವರೂ ಕೇಳುವ ಪ್ರಶ್ನೆ ಒಂದೇ: 1969ರಲ್ಲೇ ಮನುಷ್ಯರು ಇಳಿದು ಬಂದ ಜಾಗಕ್ಕೆ ಇವತ್ತು ಒಂದು ಯಂತ್ರ ಕಳಿಸಲು ಇಷ್ಟು ತಿಣುಕುವುದೇಕೆ?

ಚಿಕ್ಕ ಉತ್ತರ ಹೀಗೆ. ಅಪೊಲೊ-11 ಇಳಿಯುವಾಗ ಕೆಳಗೆ ಬಂಡೆಗಳು ತುಂಬಿದ ಕುಳಿ ಕಂಡಿತು. ನೀಲ್ ಆರ್ಮ್‌ಸ್ಟ್ರಾಂಗ್ ಕಿಟಕಿಯಲ್ಲಿ ನೋಡಿ, ಕೈಯಾರೆ ನಡೆಸಿ, ಅದನ್ನು ದಾಟಿಸಿ ಇಳಿಸಿದರು. ಯಂತ್ರಕ್ಕೆ ಆ ಕಣ್ಣನ್ನೂ ಆ ತೀರ್ಮಾನವನ್ನೂ ನಾವೇ ಮೊದಲೇ ಕಟ್ಟಿ ಕಳಿಸಬೇಕು. ಉದ್ದದ ಉತ್ತರ ಮುಂದಿದೆ.

ಮೊದಲು ಕೆಲವು ಹೆಸರು

ಗುಡಿಗೆ ಪ್ರದಕ್ಷಿಣೆ ಹಾಕುವಂತೆ ಚಂದ್ರನನ್ನು ಸುತ್ತುತ್ತಾ ಮೇಲಿನಿಂದಲೇ ಚಿತ್ರ ತೆಗೆಯುವುದು ಆರ್ಬಿಟರ್. ಅದು ಸುತ್ತುವ ದಾರಿಯೇ ಕಕ್ಷೆ. ಇಳಿದು ಇಳಿದಲ್ಲೇ ಕೂರುವುದು ಲ್ಯಾಂಡರ್. ಅದರ ಹೊಟ್ಟೆಯಿಂದ ಹೊರಬಂದು ಚಕ್ರಗಳ ಮೇಲೆ ಓಡಾಡುವುದು ರೋವರ್. ಬೇಕೆಂದೇ ಡಿಕ್ಕಿ ಹೊಡೆಯಲು ಕಳಿಸುವವೂ ಇವೆ: 2008ರ ನವೆಂಬರ್ 14ರಂದು ಚಂದ್ರಯಾನ-1ರಿಂದ ಬೇರ್ಪಟ್ಟ ಪೆಟ್ಟಿಗೆಯೊಂದು ಹೀಗೆ ಬಿತ್ತು. ಕಲ್ಲುಮಣ್ಣು ತುಂಬಿಕೊಂಡು ಭೂಮಿಗೆ ಮರಳುವ ನೌಕೆ ಇವೆಲ್ಲಕ್ಕಿಂತ ತೊಡಕಿನದು. ಅದರ ಮಾತು ಕೊನೆಗೆ.

ಹೋಗಿ ಹುಡುಕುವುದೇನು?

ಮೊದಲನೆಯದು ನೀರು. ಚಂದ್ರಯಾನ-1ರಲ್ಲಿದ್ದ ಅಮೆರಿಕದ ಉಪಕರಣವೊಂದು ಚಂದ್ರನ ಮೇಲ್ಮಣ್ಣಿನಲ್ಲಿ ನೀರಿನ ಅಂಶದ ಗುರುತು ಹಿಡಿದದ್ದು 2009ರಲ್ಲಿ ಪ್ರಕಟವಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ನಾಸಾ ಒಂದು ಖಾಲಿ ರಾಕೆಟ್ ಹಂತವನ್ನು ದಕ್ಷಿಣ ಧ್ರುವದ ಬಳಿಯ ಕೇಬಿಯಸ್ ಕುಳಿಗೆ ಕೆಡವಿ, ಎದ್ದ ದೂಳನ್ನು ಅಳೆಯಿತು. ಅದರಲ್ಲಿ ತೂಕದ ಲೆಕ್ಕಕ್ಕೆ ಸುಮಾರು ಶೇ. 5.6 ನೀರಿತ್ತು.

ಬಿಸಿಲಿಗೆ ಕಾದು ಸುಡುವ ಚಂದ್ರನಲ್ಲಿ ಐಸ್ ಉಳಿದದ್ದು ಹೇಗೆ? ಭೂಮಿಯ ಅಕ್ಷ 23.5 ಡಿಗ್ರಿ ವಾಲಿದೆ, ಚಂದ್ರನದು ಬರೀ 1.5 ಡಿಗ್ರಿ. ಹಾಗಾಗಿ ಧ್ರುವಗಳಲ್ಲಿ ಸೂರ್ಯ ನೆತ್ತಿಗೆ ಬರುವುದೇ ಇಲ್ಲ, ದಿಗಂತದ ಅಂಚಿನಲ್ಲೇ ಸುತ್ತು ಹಾಕುತ್ತಾನೆ. ಆಳದ ಬಾವಿಗೆ ಸಂಜೆಯ ಓರೆ ಬಿಸಿಲು ಬಿದ್ದರೆ ಗೋಡೆಯ ಮೇಲ್ಭಾಗ ಬೆಳಗುತ್ತದೆ, ತಳ ಕತ್ತಲೆಯಲ್ಲೇ ಇರುತ್ತದೆ. ಅಲ್ಲಿನ ಕುಳಿಗಳ ತಳಕ್ಕೆ ಇದೇ ಗತಿ, ಕೋಟ್ಯಂತರ ವರ್ಷಗಳಿಂದ. ಕೆಲವೆಡೆ ಶೀತ ಮೈನಸ್ 200 ಡಿಗ್ರಿಗಿಂತ ಕೆಳಗೆ. ಅಲ್ಲಿ ಸಿಕ್ಕಿಕೊಂಡ ನೀರು ಕದಲುವುದಿಲ್ಲ. ಆ ನೀರು ಎಷ್ಟಿದೆ, ಯಾವ ಆಳದಲ್ಲಿದೆ ಎಂದು ಗೊತ್ತಾದರೆ ಮುಂದೆ ಅಲ್ಲಿ ಉಳಿಯುವವರಿಗೆ ಕುಡಿಯಲೂ ಆಯಿತು, ಒಡೆದು ಹೈಡ್ರೋಜನ್–ಆಕ್ಸಿಜನ್ ಮಾಡಿಕೊಂಡರೆ ರಾಕೆಟ್ ಇಂಧನಕ್ಕೂ ಆಯಿತು.

ಇಲ್ಲೊಂದು ತಿದ್ದುಪಡಿ. ವಿಕ್ರಮ್ ‘ದಕ್ಷಿಣ ಧ್ರುವದಲ್ಲಿ’ ಇಳಿಯಿತು ಎಂದು ಎಲ್ಲೆಡೆ ಬರೆಯುತ್ತಾರೆ. ಅದು ಇಳಿದದ್ದು 69 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ. ಅಲ್ಲಿಂದ ಧ್ರುವ ಇನ್ನೂ 600 ಕಿ.ಮೀ.ಗೂ ಹೆಚ್ಚು ದೂರ. ಆದರೂ ಅಷ್ಟು ದಕ್ಷಿಣಕ್ಕೆ ಅದಕ್ಕೆ ಮೊದಲು ಯಾರೂ ಮೆಲ್ಲಗೆ ಇಳಿದಿರಲಿಲ್ಲ.

ಎರಡನೆಯದು ಚಂದ್ರನ ಹುಟ್ಟಿನ ಕಥೆ. ಮಂಡ್ಯ ಕಡೆಯವರಿಗೆ ಇದನ್ನು ಆಲೆಮನೆಯ ಕೊಪ್ಪರಿಗೆ ತೋರಿಸಿ ಹೇಳುವುದು ಸುಲಭ. ಕಬ್ಬಿನ ಹಾಲು ಕುದಿಯುವಾಗ ಹಗುರಾದ ಕಲ್ಮಶ ಮೇಲೆ ತೇಲಿ ಕೆನೆಗಟ್ಟುತ್ತದೆ. ಚಂದ್ರನೂ ಹುಟ್ಟಿದ ಹೊಸದರಲ್ಲಿ ಹೀಗೇ ಕರಗಿದ ಕಲ್ಲಿನ ಕಡಲಾಗಿತ್ತು, ಹಗುರ ಖನಿಜ ಮೇಲೆ ತೇಲಿ ಗಟ್ಟಿಯಾಗಿ ಬೆಳ್ಳನೆಯ ಅನಾರ್ಥೊಸೈಟ್ ಕಲ್ಲಾಯಿತು ಎಂಬುದು ವಿಜ್ಞಾನಿಗಳ ಲೆಕ್ಕ. ಪ್ರಜ್ಞಾನ್ ರೋವರ್ ತಾನು ಓಡಾಡಿದ ದಾರಿಯಲ್ಲಿ 23 ಕಡೆ ಮಣ್ಣು ಪರೀಕ್ಷಿಸಿದಾಗ ಸಿಕ್ಕಿದ್ದೂ ಆ ಜಾತಿಯ ಮಣ್ಣೇ. 2024ರ ಆಗಸ್ಟ್‌ನಲ್ಲಿ ಪ್ರಕಟವಾದ ಈ ಫಲಿತಾಂಶ ಆ ಲೆಕ್ಕಕ್ಕೆ ಬಲ ಕೊಟ್ಟಿತು. ಭೂಮಿಯ ಮೇಲೆ ಅಷ್ಟು ಹಳೆಯ ಗುರುತುಗಳನ್ನು ಮಳೆ, ಗಾಳಿ, ನದಿ ಅಳಿಸಿ ಹಾಕಿವೆ. ಚಂದ್ರನಲ್ಲಿ ಅಳಿಸುವವರಿಲ್ಲ.

ಮೂರನೆಯದು ಮನುಷ್ಯರಿಗಿಂತ ಮುಂಚೆ ಹೋಗಿ ಜಾಗ ನೋಡಿ ಬರುವುದು. ಜನ ಹೋದರೆ ಗಾಳಿ, ನೀರು, ಊಟ, ಎಲ್ಲಕ್ಕಿಂತ ಹೆಚ್ಚಾಗಿ ವಾಪಸ್ ಬರುವ ಇಂಧನ ಹೊರಬೇಕು. ನಮ್ಮವರನ್ನು ಬಾಹ್ಯಾಕಾಶಕ್ಕೆ ಕಳಿಸುವ ಗಗನಯಾನದ ಊಟದ ಪೊಟ್ಟಣಗಳಿಗಾಗಿ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ ದುಡಿದಿದೆ. ಪ್ರಜ್ಞಾನ್‌ಗೆ ಬೇಕಿದ್ದದ್ದು 50 ವಾಟ್ ಬಿಸಿಲ ವಿದ್ಯುತ್ ಅಷ್ಟೇ. 26 ಕೆ.ಜಿ.ಯ ಅದು ಕೆಟ್ಟು ನಿಂತರೆ ಯಾರ ಮನೆಯಲ್ಲೂ ಸೂತಕವಿಲ್ಲ.

ನಲವತ್ತು ದಿನ ಹಿಡಿದದ್ದೇಕೆ?

ಅಪೊಲೊ ಚಂದ್ರನನ್ನು ಮುಟ್ಟಿದ್ದು ಮೂರು–ನಾಲ್ಕು ದಿನದಲ್ಲಿ. ಚಂದ್ರಯಾನ-3 ಜುಲೈ 14ರಂದು ಹೊರಟು ಇಳಿಯುವ ಹೊತ್ತಿಗೆ 40 ದಿನ ಆಗಿತ್ತು. ಅಪೊಲೊ ಹೊತ್ತ ಸ್ಯಾಟರ್ನ್-5 ದೈತ್ಯ ರಾಕೆಟ್. ಒಂದೇ ನೂಕಿಗೆ ಕಳಿಸಿತು. ನಮ್ಮ ಎಲ್‌ವಿಎಂ-3 ಲ್ಯಾಂಡರ್ ಮತ್ತು ಅದನ್ನು ಚಂದ್ರನವರೆಗೆ ನೂಕುವ ಭಾಗ ಸೇರಿದ 3,900 ಕೆ.ಜಿ.ಯ ಜೋಡಿಯನ್ನು 170 ಕಿ.ಮೀ.ನಿಂದ 36,500 ಕಿ.ಮೀ.ವರೆಗೆ ಚಾಚಿದ ಮೊಟ್ಟೆಯಾಕಾರದ ಕಕ್ಷೆಗೆ ಬಿಟ್ಟಿತು. ಮಿಕ್ಕಿದ್ದನ್ನು ಜೋಕಾಲಿ ಜೀಕುವ ವಿದ್ಯೆಯಲ್ಲಿ ಮಾಡಬೇಕಿತ್ತು.

ಜೋಕಾಲಿ ಅತಿ ವೇಗವಾಗಿರುವ ಕೆಳತುದಿಯಲ್ಲಿ ನೂಕಿದರೆ ಮುಂದಿನ ಜೀಕು ಇನ್ನಷ್ಟು ಮೇಲೆ ಹೋಗುತ್ತದೆ. ನೌಕೆಯೂ ಭೂಮಿಗೆ ಅತಿ ಹತ್ತಿರ ಬಂದು ಅತಿ ವೇಗದಲ್ಲಿರುವಾಗ ಎಂಜಿನ್ ಉರಿಸಿದರೆ ಅದೇ ಇಂಧನಕ್ಕೆ ಹೆಚ್ಚು ಎತ್ತರ ಸಿಗುತ್ತದೆ. ಹೀಗೆ ಐದು ಸಲ ಜೀಕಿ, ಆಗಸ್ಟ್ 1ರಂದು ಚಂದ್ರನ ದಾರಿ ಹಿಡಿದು, 5ರಂದು ಚಂದ್ರನ ಕಕ್ಷೆ ಸೇರಿತು. ಅಲ್ಲಿ ತಿರುವುಮುರುವು: ಹತ್ತಿರ ಬಂದಾಗಲೆಲ್ಲ ಎದುರು ದಿಕ್ಕಿಗೆ ಎಂಜಿನ್ ಉರಿಸಿ ಕಕ್ಷೆಯನ್ನು ಕುಗ್ಗಿಸಬೇಕು.

ಇಳಿಯುವ ದಿನವನ್ನು ಗೊತ್ತು ಮಾಡಿದ್ದು ಬಿಸಿಲು. ನಮ್ಮ ಪಂಚಾಂಗದ ಒಂದು ತಿಂಗಳು ಚಂದ್ರನ ಮೇಲೆ ಒಂದೇ ದಿನ: ಸುಮಾರು 14 ದಿನ ಹಗಲು, ಅಷ್ಟೇ ರಾತ್ರಿ. ಪೂರ್ತಿ ಹಗಲು ಕೈಗೆ ಸಿಗಬೇಕಾದರೆ ಇಳಿಯುವ ಜಾಗದಲ್ಲಿ ಬೆಳಗಾಗುತ್ತಿದ್ದಂತೆ ಇಳಿಯಬೇಕು. ವಿಕ್ರಮ್ ಇಳಿದದ್ದು ಶುಕ್ಲಪಕ್ಷದ ಸಪ್ತಮಿಯ ಹೊತ್ತಿಗೆ; ಅರ್ಧಚಂದ್ರನ ಬೆಳಕು–ಕತ್ತಲ ಗೆರೆ ಆ ಜಾಗವನ್ನು ಆಗತಾನೇ ದಾಟಿತ್ತು.

ಕೊನೆಯ ಹತ್ತೊಂಬತ್ತು ನಿಮಿಷ

ಹಾರಿಸುವ ವಿದ್ಯೆ ನಮ್ಮ ಕಡೆಯವರಿಗೆ ಹಳೆಯದು. ಶ್ರೀರಂಗಪಟ್ಟಣದ ಸೈನಿಕರು 18ನೇ ಶತಮಾನದಲ್ಲೇ ಕಬ್ಬಿಣದ ಕೊಳವೆಯ ರಾಕೆಟ್‌ಗಳನ್ನು ಬ್ರಿಟಿಷರ ಮೇಲೆ ಬಿಟ್ಟಿದ್ದರು. ಆ ರಾಕೆಟ್ ಎಲ್ಲಿ ಬಿದ್ದರೂ, ಹೇಗೆ ಬಿದ್ದರೂ ಕೆಲಸ ಆಯಿತು. ಲ್ಯಾಂಡರ್‌ನ ಕೆಲಸ ಶುರುವಾಗುವುದೇ ಬೀಳುವಾಗ.

ಸುಮಾರು 30 ಕಿ.ಮೀ. ಎತ್ತರದಿಂದ, ಅಂದರೆ ಮೈಸೂರಿಗೂ ತಿ. ನರಸೀಪುರಕ್ಕೂ ಇರುವಷ್ಟು ದೂರದಿಂದ, ಇಳಿಕೆ ಆರಂಭ. ಆಗ ವಿಕ್ರಮ್ ಬಹುಮಟ್ಟಿಗೆ ಅಡ್ಡ ಮಲಗಿದಂತೆ, ನಾಲ್ಕೂ ಎಂಜಿನ್‌ಗಳನ್ನು ಮುಂದಕ್ಕೆ ಚಾಚಿ, ಸೆಕೆಂಡಿಗೆ 1.68 ಕಿ.ಮೀ. ವೇಗದಲ್ಲಿ ಓಡುತ್ತಿತ್ತು. ಮೊದಲ ಹಂತ 690 ಸೆಕೆಂಡು, ಬರೀ ಬ್ರೇಕ್. ಇದರಲ್ಲಿ ಎತ್ತರ 7.4 ಕಿ.ಮೀ.ಗೂ ವೇಗ ಸೆಕೆಂಡಿಗೆ 358 ಮೀಟರ್‌ಗೂ ತಗ್ಗಬೇಕು. ಇಷ್ಟಾಗುವಷ್ಟರಲ್ಲಿ ನೆಲದ ಮೇಲೆ ದಾಟಿದ ದೂರ 713 ಕಿ.ಮೀ., ಹೆಚ್ಚುಕಡಿಮೆ ಮೈಸೂರಿನಿಂದ ಹೈದರಾಬಾದಿಗೆ ರಸ್ತೆಯಲ್ಲಿ ಹೋದಷ್ಟು.

ಆಮೇಲೆ ಹತ್ತು ಸೆಕೆಂಡು ಮೈಯನ್ನು ಅಲುಗದಂತೆ ಹಿಡಿದು, ಎತ್ತರ, ವೇಗಗಳನ್ನು ಅಳೆದು ತನ್ನ ಲೆಕ್ಕವನ್ನು ಸರಿಪಡಿಸಿಕೊಳ್ಳುವುದು. ಮುಂದಿನ 175 ಸೆಕೆಂಡಿನಲ್ಲಿ ಅಡ್ಡ ಮಲಗಿದ್ದದ್ದು ನೆಟ್ಟಗೆ ನಿಲ್ಲುತ್ತದೆ. 800 ಮೀಟರ್ ಎತ್ತರಕ್ಕೆ ಬರುವಾಗ ಮುಂದಕ್ಕೆ ಓಡುವ ವೇಗ ಸೊನ್ನೆಯ ಹತ್ತಿರ. ಅಲ್ಲಿಂದ ನೇರ ಕೆಳಕ್ಕೆ. 150 ಮೀಟರ್‌ನಲ್ಲಿ, ಎಂದರೆ ಚಾಮುಂಡಿ ಬೆಟ್ಟ ಮೈಸೂರು ಪೇಟೆಯಿಂದ ಮೇಲೆದ್ದಿರುವ ಎತ್ತರದ ಅರ್ಧದಲ್ಲಿ, ಗಾಳಿಪಟದಂತೆ ತೂಗಾಡುತ್ತ ನಿಂತು ಕ್ಯಾಮೆರಾದಿಂದ ಕೆಳಗಿನ ಕುಳಿ, ಬಂಡೆ ನೋಡುತ್ತದೆ. ಜಾಗ ಸರಿಯಿಲ್ಲದಿದ್ದರೆ ಪಕ್ಕಕ್ಕೆ ಸರಿಯುತ್ತದೆ. ಕಾಲು ನೆಲಕ್ಕೆ ತಾಗಿದ್ದನ್ನು ಸೆನ್ಸರ್ ಹೇಳಿದ ಕೂಡಲೇ ಎಂಜಿನ್ ಬಂದ್.

ಯೋಜನೆಯ ಇಳಿಯುವ ವೇಗ ಸೆಕೆಂಡಿಗೆ 2 ಮೀಟರ್, ತಡೆಯಬಲ್ಲದ್ದು 3 ಮೀಟರ್. ಭೂಮಿಯ ಮೇಲಿನ ಲೆಕ್ಕದಲ್ಲಿ ಮೊದಲನೆಯದು ಒಂದು ಮೆಟ್ಟಿಲಿನಿಂದ ಧುಮುಕಿದಂತೆ, ಎರಡನೆಯದು ಮನೆಯ ಮುಂದಿನ ಜಗುಲಿಯಿಂದ ಧುಮುಕಿದಂತೆ.

ಕಷ್ಟ ಎಲ್ಲೆಲ್ಲಿದೆ ನೋಡಿ. ವಿಕ್ರಮ್‌ನ ಒಂದೊಂದು ಎಂಜಿನ್ನಿನ ನೂಕುಬಲ 800 ನ್ಯೂಟನ್. ಭೂಮಿಯ ಮೇಲೆ ಎಂಬತ್ತು ಕೆ.ಜಿ. ಎತ್ತುವಷ್ಟು. ಶುರುವಿನಲ್ಲಿ 1,752 ಕೆ.ಜಿ. ಇದ್ದ ನೌಕೆ ಇಂಧನ ಸುಟ್ಟಂತೆ ಹಗುರಾಗುತ್ತ ಹೋಗುತ್ತದೆ. ನೂಕುಬಲವನ್ನು ಅದಕ್ಕೆ ತಕ್ಕಂತೆ ತಗ್ಗಿಸದಿದ್ದರೆ ಇಳಿಯಬೇಕಾದ್ದು ಮೇಲಕ್ಕೇ ಏಳುತ್ತದೆ. ಅದಕ್ಕೇ ಬಲ ಹೆಚ್ಚುಕಡಿಮೆ ಮಾಡಬಲ್ಲ ಎಂಜಿನ್ ಬೇಕು, ಮತ್ತು ಕೊನೆಯ ಹಂತದಲ್ಲಿ ಎರಡೇ ಎಂಜಿನ್ ಉರಿಯುತ್ತವೆ.

ತುಂಬಿದ ಕೊಡ ತುಳುಕುವುದಿಲ್ಲ ಎಂಬುದು ಇಲ್ಲಿ ಅಕ್ಷರಶಃ ನಿಜ. ಇಳಿಯುವ ಹೊತ್ತಿಗೆ ಟ್ಯಾಂಕ್‌ಗಳು ಅರ್ಧ ಖಾಲಿ. ನೌಕೆ ವಾಲಿದಾಗಲೆಲ್ಲ ಒಳಗಿನ ದ್ರವ ಒಂದು ಪಕ್ಕಕ್ಕೆ ನುಗ್ಗಿ ಇನ್ನಷ್ಟು ವಾಲಿಸುತ್ತದೆ. ಅರ್ಧ ಬಿಂದಿಗೆ ನೀರು ತಲೆಯ ಮೇಲೆ ಹೊತ್ತು ನಡೆದವರಿಗೆ ಆ ಜೋಲಿ ಗೊತ್ತು. ಟ್ಯಾಂಕಿನೊಳಗೆ ಅಡ್ಡ ತಡೆಗಳನ್ನು ಇಟ್ಟು, ಸಾಫ್ಟ್‌ವೇರ್‌ಗೆ ಈ ತುಳುಕಾಟದ ಲೆಕ್ಕ ಕಲಿಸಿ ಕಳಿಸುತ್ತಾರೆ.

ಇಷ್ಟೂ ಹೊತ್ತು ಬೆಂಗಳೂರಿನ ನಿಯಂತ್ರಣ ಕೇಂದ್ರದವರು ನೋಡಬಹುದು, ಹಿಡಿಯಲಾಗದು. ಚಂದ್ರನಿಂದ ಸುದ್ದಿ ಬರಲು 1.3 ಸೆಕೆಂಡು, ನಮ್ಮ ಆದೇಶ ಹೋಗಲು ಅಷ್ಟೇ. ಆರಂಭದ ವೇಗದಲ್ಲಿ ಅಷ್ಟರೊಳಗೆ ನೌಕೆ 4 ಕಿ.ಮೀ. ಮುಂದೆ ಹೋಗಿರುತ್ತದೆ.

ಬಿದ್ದವರು ಬಿದ್ದದ್ದೇಕೆ?

ಇತ್ತೀಚಿನ ಸೋಲುಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಎಂಜಿನ್ ಸಿಡಿದು ಸತ್ತವು ಕಡಿಮೆ. ತಾನು ಎಷ್ಟು ಎತ್ತರದಲ್ಲಿದ್ದೇನೆ, ಎಷ್ಟು ವೇಗದಲ್ಲಿದ್ದೇನೆ ಎಂಬುದು ತಿಳಿಯದೆ ಕೆಟ್ಟವೇ ಹೆಚ್ಚು. ಕತ್ತಲಲ್ಲಿ ಮೆಟ್ಟಿಲಿಳಿಯುವಾಗ ‘ಇನ್ನೊಂದು ಮೆಟ್ಟಿಲಿದೆ’ ಅಂದುಕೊಂಡು ಕಾಲಿಟ್ಟು ಮುಗ್ಗರಿಸುತ್ತೇವಲ್ಲ, ಅದರ ದೊಡ್ಡ ರೂಪ.

ಜಪಾನಿನ ಖಾಸಗಿ ಕಂಪನಿಯೊಂದರ ಹಕುಟೊ-ಆರ್ 2023ರ ಏಪ್ರಿಲ್‌ನಲ್ಲಿ ಒಂದು ದೊಡ್ಡ ಕುಳಿಯ ಅಂಚು ದಾಟಿತು. ಅಂಚು ದಾಟಿದ ಕೂಡಲೇ ನೆಲ ಸುಮಾರು 3 ಕಿ.ಮೀ. ಕೆಳಗೆ ಹೋದಂತೆ ಎತ್ತರಮಾಪಕ ತೋರಿಸಿತು, ಅದು ನಿಜವೂ ಆಗಿತ್ತು. ಆದರೆ ಅಂಕಿ ಒಮ್ಮೆಲೇ ಅಷ್ಟು ಜಿಗಿದರೆ ಉಪಕರಣ ಕೆಟ್ಟಿದೆ ಎಂದು ತಿಳಿ ಎಂದು ಸಾಫ್ಟ್‌ವೇರ್‌ಗೆ ಹೇಳಲಾಗಿತ್ತು. ಅದು ಸರಿಯಾದ ಅಂಕಿಯನ್ನು ಬದಿಗಿಟ್ಟು ಅಂದಾಜನ್ನೇ ನಂಬಿತು. ನೆಲ ಮುಟ್ಟಿದೆ ಎಂದು ಲೆಕ್ಕ ಹೇಳಿದಾಗ ನೌಕೆ ಇನ್ನೂ ಸುಮಾರು 5 ಕಿ.ಮೀ. ಮೇಲಿತ್ತು. ಇಂಧನ ತೀರುವವರೆಗೆ ಅಲ್ಲೇ ಮೆಲ್ಲಮೆಲ್ಲನೆ ‘ಇಳಿದು’, ಆಮೇಲೆ ಕಲ್ಲಿನಂತೆ ಬಿತ್ತು. ಅದೇ ಕಂಪನಿಯ ಎರಡನೆಯ ನೌಕೆ ರೆಸಿಲಿಯೆನ್ಸ್ 2025ರ ಜೂನ್‌ನಲ್ಲಿ ಬಿದ್ದದ್ದೂ ದೂರ ಅಳೆಯುವ ಲೇಸರ್ ತಡವಾಗಿ ಅಂಕಿ ಕೊಟ್ಟದ್ದರಿಂದ. ಬ್ರೇಕ್ ಹಾಕಲು ಹೊತ್ತು ಸಾಲಲಿಲ್ಲ.

ಲೂನಾ-25ರದು ಇಳಿಯುವ ಮುನ್ನವೇ ಆದ ಎಡವಟ್ಟು. ಕಕ್ಷೆ ತಗ್ಗಿಸಲು ಎಂಜಿನ್ 84 ಸೆಕೆಂಡು ಉರಿಯಬೇಕಿತ್ತು, ಉರಿದದ್ದು 127. ವೇಗದ ಬದಲಾವಣೆ ಅಳೆದು ‘ಸಾಕು’ ಎನ್ನಬೇಕಿದ್ದ ಉಪಕರಣ ಚಾಲೂ ಆಗಿರಲಿಲ್ಲ ಎಂಬುದು ತನಿಖೆಯ ತೀರ್ಮಾನ. ಅಳತೆಯಿಲ್ಲದ ಮೇಲೆ ಗಡಿಯಾರವೇ ಕೊನೆಯ ಕಾವಲು. ಅದು ನಿಲ್ಲಿಸುವಷ್ಟರಲ್ಲಿ ಕಕ್ಷೆ ಚಂದ್ರನೊಳಗೆ ಹೊಕ್ಕಾಗಿತ್ತು.

ಅಮೆರಿಕದ ಖಾಸಗಿ ನೌಕೆ ಒಡಿಸ್ಸಿಯಸ್‌ನಲ್ಲಿ ಲೇಸರ್ ಇತ್ತು, ಚೆನ್ನಾಗಿಯೂ ಇತ್ತು. ನೆಲದ ಮೇಲಿದ್ದಾಗ ಯಾರ ಕಣ್ಣಿಗೂ ತಾಗದಿರಲಿ ಎಂದು ಅದಕ್ಕೊಂದು ಸುರಕ್ಷತಾ ಬೀಗ. ಹಾರಿಸುವ ಮುನ್ನ ಕೈಯಿಂದ ತೆಗೆಯಬೇಕಿದ್ದ ಅದನ್ನು ತೆಗೆದಿರಲಿಲ್ಲ. ಗೊತ್ತಾದದ್ದು ಚಂದ್ರನ ಕಕ್ಷೆಯಲ್ಲಿ. 2024ರ ಫೆಬ್ರುವರಿ 22ರಂದು ಅದು ಕ್ಯಾಮೆರಾ ಮತ್ತು ಅಂದಾಜಿನ ಮೇಲೆ ಇಳಿದು, ಕಾಲು ಮುರಿದು ವಾಲಿಕೊಂಡಿತು. ಮುಂದಿನ ವರ್ಷ ಅದೇ ಕಂಪನಿಯ ಅಥೀನಾ ದಕ್ಷಿಣ ಧ್ರುವದ ಬಳಿ ಮಗುಚಿದಾಗ ಎತ್ತರಮಾಪಕದ ಗೊಂದಲದ ಅಂಕಿಗಳ ಜೊತೆ ಇನ್ನೊಂದು ಕಾರಣ ಸೇರಿತ್ತು: ಓರೆ ಬಿಸಿಲಿನ ಉದ್ದ ನೆರಳು. ನೀರಿರುವ ಜಾಗ ಧ್ರುವದಲ್ಲಿ, ಕ್ಯಾಮೆರಾಗೆ ಕುಳಿ ಯಾವುದು ನೆರಳು ಯಾವುದು ಎಂದು ತಿಳಿಯದ ಜಾಗವೂ ಅದೇ.

ಎಲ್ಲರೂ ಬಿದ್ದಿಲ್ಲ. 2025ರ ಮಾರ್ಚ್ 2ರಂದು ಅಮೆರಿಕದ ಖಾಸಗಿ ನೌಕೆ ಬ್ಲೂ ಘೋಸ್ಟ್ ಸಮತಟ್ಟಾದ ಬಯಲಿನಲ್ಲಿ ನೆಟ್ಟಗೆ ಇಳಿದು ಎರಡು ವಾರ ದುಡಿಯಿತು. ಚೀನಾ 2013ರಿಂದ ಇಳಿಸಿದ ಯಾವುದೂ ಬಿದ್ದಿಲ್ಲ.

2019 ಮತ್ತು 2023ರ ನಡುವೆ

ಚಂದ್ರಯಾನ-2ರ ವಿಕ್ರಮ್ 2019ರ ಸೆಪ್ಟೆಂಬರ್ 7ರಂದು ಬಿದ್ದದ್ದಕ್ಕೆ 2023ರಲ್ಲಿ ಇಸ್ರೊ ಅಧ್ಯಕ್ಷರಾಗಿದ್ದ ಎಸ್. ಸೋಮನಾಥ್ ಮೂರು ಕಾರಣ ಕೊಟ್ಟರು. ಐದು ಎಂಜಿನ್‌ಗಳು ನಿರೀಕ್ಷೆಗಿಂತ ಹೆಚ್ಚು ನೂಕಿದವು, ತಪ್ಪು ಒಟ್ಟುಗೂಡುತ್ತ ಹೋಯಿತು. ಅದನ್ನು ಸರಿಪಡಿಸಲು ನೌಕೆ ಬೇಗ ತಿರುಗಬೇಕಾಯಿತು, ಆದರೆ ಎಷ್ಟು ಬೇಗ ತಿರುಗಬಹುದು ಎಂಬುದಕ್ಕೆ ಸಾಫ್ಟ್‌ವೇರ್ ಮಿತಿ ಹಾಕಿತ್ತು. ಮೂರನೆಯದು, ಇಳಿಯಲು ಗುರುತಿಸಿದ್ದು 500 ಮೀಟರ್ ಚೌಕದ ಸಣ್ಣ ಜಾಗ. ದಾರಿ ತಪ್ಪಿದರೂ ಅಲ್ಲಿಗೇ ಮುಟ್ಟಬೇಕೆಂದು ವೇಗ ಹೆಚ್ಚಿಸಿಕೊಂಡಿತು.

ತಿದ್ದುಪಡಿ ಅದರ ಲೆಕ್ಕಕ್ಕೇ ನಡೆಯಿತು. ನಡುವಿನ ಐದನೇ ಎಂಜಿನ್ ತೆಗೆದರು. ಇಳಿಯುವ ಜಾಗ 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲಕ್ಕೆ ಹಿಗ್ಗಿತು, ರೈತರ ಲೆಕ್ಕದಲ್ಲಿ 62 ಎಕರೆಯಿಂದ ಸುಮಾರು 2,370 ಎಕರೆಗೆ. ಇಂಧನ ಹೆಚ್ಚಿತು, ಕಾಲುಗಳು ಗಟ್ಟಿಯಾದವು, ಹೇಗೆ ಕೂತರೂ ಬಿಸಿಲು ಸಿಗಲೆಂದು ನಾಲ್ಕೂ ಬದಿಗೆ ಸೌರಫಲಕ ಬಂತು, ನೆಲದ ಮೇಲಿನ ವೇಗವನ್ನು ನೇರವಾಗಿ ಅಳೆಯುವ ಲೇಸರ್ ಉಪಕರಣ ಸೇರಿತು. 2019ರಲ್ಲಿ ಎಲ್ಲ ಸರಿಯಾದರೆ ಹೇಗೆ ಇಳಿಯುತ್ತದೆ ಎಂದು ಲೆಕ್ಕ ಹಾಕಿದ್ದರೆ, 2023ರಲ್ಲಿ ಏನೇನು ಕೆಟ್ಟರೂ ಹೇಗೆ ಇಳಿಯಬೇಕು ಎಂದು ಲೆಕ್ಕ ಹಾಕಿದ್ದರು. ಸೆನ್ಸರ್‌ಗಳನ್ನು ಹೆಲಿಕಾಪ್ಟರ್‌ಗೆ ಕಟ್ಟಿ ಹಾರಿಸಿದರು. ಎಂಜಿನ್ ಸಮೇತ ಕ್ರೇನಿಗೆ ತೂಗುಹಾಕಿ ಪರೀಕ್ಷಿಸಿದರು. ಇಂಥ ಪರೀಕ್ಷೆಗೆಂದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿ ಚಂದ್ರನಲ್ಲಿರುವಂಥ ಕುಳಿಗಳನ್ನು ತೋಡಲಾಗಿತ್ತು. ಚಂದ್ರನ ಮಣ್ಣಿಗೆ ಹೋಲುವ ಪುಡಿಗೆ ಕಲ್ಲು ಬಂದದ್ದು ತಮಿಳುನಾಡಿನ ನಾಮಕ್ಕಲ್ ಕಡೆಯ ಸಿತಂಪೂಂಡಿಯಿಂದ.

ದೂಳು

ಕಾವೇರಿಯ ಮರಳನ್ನು ಅಂಗೈಗೆ ಹಾಕಿಕೊಂಡರೆ ಚುಚ್ಚುವುದಿಲ್ಲ. ನೀರು ಉರುಳಿಸಿ ಉರುಳಿಸಿ ಮೂಲೆಗಳನ್ನು ಸವೆಸಿದೆ. ಚಂದ್ರನ ದೂಳಿಗೆ ಆ ಭಾಗ್ಯವಿಲ್ಲ. ಉಲ್ಕೆಗಳ ಏಟಿಗೆ ಪುಡಿಯಾದ ಕಲ್ಲು, ಕರಗಿ ಗಟ್ಟಿಯಾದ ಗಾಜು, ಎಲ್ಲ ಚೂಪು. ಬಿಸಿಲಿಗೆ ವಿದ್ಯುದಾವೇಶ ಪಡೆದು, ಬಾಚಿದ ಬಾಚಣಿಗೆಗೆ ಕಾಗದದ ಚೂರು ಅಂಟುವಂತೆ, ಸಿಕ್ಕಿದ್ದಕ್ಕೆಲ್ಲ ಅಂಟುತ್ತದೆ.

1973ರಲ್ಲಿ ಸೋವಿಯತ್ ಒಕ್ಕೂಟದ ಲುನೊಖೋದ್-2 ರೋವರ್ 39 ಕಿ.ಮೀ. ಓಡಿದ ಮೇಲೆ ಸತ್ತದ್ದು ಇದರಿಂದಲೇ. ಅದರ ತೆರೆದ ಮುಚ್ಚಳ ಕುಳಿಯ ಗೋಡೆಗೆ ತಾಗಿ ಮಣ್ಣು ಬಿತ್ತು. ರಾತ್ರಿ ಮುಚ್ಚಳ ಮುಚ್ಚಿದಾಗ ಆ ಮಣ್ಣು ಶಾಖ ಹೊರಬಿಡುವ ಫಲಕದ ಮೇಲೆ ಸುರಿಯಿತು. ಮರುದಿನ ಬಿಸಿಲೇರಿದಾಗ ಒಳಗಿನ ಶಾಖ ಹೊರಹೋಗಲು ದಾರಿಯಿಲ್ಲದೆ ಯಂತ್ರ ಬೆಂದುಹೋಯಿತು.

ಇಳಿಯುವ ಎಂಜಿನ್ ಎಬ್ಬಿಸುವ ದೂಳೂ ಸಾಮಾನ್ಯವಲ್ಲ. ಗಾಳಿ ತಡೆಯದ್ದರಿಂದ ಕಣಗಳು ಗುಂಡಿನಂತೆ ಹಾರುತ್ತವೆ. ಅಪೊಲೊ-12 ಇಳಿದದ್ದು ಅದಕ್ಕೆ ಮೊದಲೇ ಅಲ್ಲಿ ಇಳಿದಿದ್ದ ಸರ್ವೇಯರ್-3 ಲ್ಯಾಂಡರ್‌ನಿಂದ ಸುಮಾರು 160 ಮೀಟರ್ ದೂರದಲ್ಲಿ. ಅಷ್ಟು ದೂರದಿಂದಲೇ ಅದರ ಮೈಯನ್ನು ಉಪ್ಪುಕಾಗದ ಹಾಕಿ ಉಜ್ಜಿದಂತೆ ಮಾಡಿತ್ತು.

ಹದಿನಾಲ್ಕು ದಿನದ ರಾತ್ರಿ

ಸಮಭಾಜಕದ ಬಳಿ ಹಗಲು ಸುಮಾರು 120 ಡಿಗ್ರಿ, ರಾತ್ರಿ ಮೈನಸ್ 130. ಅಲ್ಲಿನ ಮಣ್ಣು ಶಾಖವನ್ನು ಎಷ್ಟು ಕೆಟ್ಟದಾಗಿ ಒಯ್ಯುತ್ತದೆ ಎಂಬುದನ್ನು ವಿಕ್ರಮ್ ನೆಲಕ್ಕೆ ಚುಚ್ಚಿದ ಉಷ್ಣಮಾಪಕ ತೋರಿಸಿತು: ಮೇಲೆ 50 ಡಿಗ್ರಿಯ ಆಸುಪಾಸು, 8 ಸೆಂ.ಮೀ. ಕೆಳಗೆ ಮೈನಸ್ 10. ಐಸ್ ಗಡ್ಡೆಯ ಮೇಲೆ ಮರದ ಹೊಟ್ಟು ಮುಚ್ಚಿದರೆ ಕರಗದೆ ಉಳಿಯುವುದು ಇದೇ ಗುಣದಿಂದ. ಚಂದ್ರನ ದೂಳಿನ ಕಣಗಳ ನಡುವೆ ಗಾಳಿಯೂ ಇಲ್ಲದ್ದರಿಂದ ತಡೆ ಇನ್ನೂ ಬಲ.

ರಾತ್ರಿ ಯಂತ್ರ ಸಾಯುವುದು ಎರಡು ರೀತಿ. ಬ್ಯಾಟರಿಯ ಒಳದ್ರವ ಹೆಪ್ಪುಗಟ್ಟುತ್ತದೆ. ಮತ್ತೆ, ಸರ್ಕ್ಯೂಟ್ ಹಲಗೆ, ತಾಮ್ರ, ಬೆಸುಗೆ ಒಂದೊಂದೂ ಒಂದೊಂದು ಅಳತೆಯಲ್ಲಿ ಕುಗ್ಗಿ ಬೆಸುಗೆ ಬಿರಿಯುತ್ತದೆ. ವಿಕ್ರಮ್, ಪ್ರಜ್ಞಾನ್‌ಗಳನ್ನು ಕಟ್ಟಿದ್ದು ಒಂದು ಹಗಲಿಗೆ. ಬ್ಯಾಟರಿ ತುಂಬಿಸಿ, ಸೌರಫಲಕ ಮುಂದಿನ ಸೂರ್ಯೋದಯದ ಕಡೆ ತಿರುಗಿಸಿ ಮಲಗಿಸಿದರು. ಸೆಪ್ಟೆಂಬರ್ 22ರಂದು ಕರೆದಾಗ ಏಳಲಿಲ್ಲ. ಜಪಾನಿನ ಸ್ಲಿಮ್ 2024ರ ಜನವರಿಯಲ್ಲಿ ಮೂತಿ ಕೆಳಗಾಗಿ ಬಿದ್ದುಕೊಂಡೂ, ಕಟ್ಟಿದವರೇ ಬೆರಗಾಗುವಂತೆ, ಮೂರು ರಾತ್ರಿ ದಾಟಿತು. ಅದು ಅದೃಷ್ಟ. ಅದೃಷ್ಟ ನಂಬದವರು ಒಳಗೊಂದು ಅಗ್ಗಿಷ್ಟಿಕೆ ಇಡುತ್ತಾರೆ: ವಿಕಿರಣ ಹೊರಸೂಸುತ್ತಾ ತಾನೇ ಬಿಸಿಯಾಗಿರುವ ಧಾತುವಿನ ಗುಳಿಗೆ. ಲುನೊಖೋದ್‌ನಲ್ಲಿದ್ದದ್ದು ಪೊಲೋನಿಯಂ. ಚೀನಾದ ರೋವರ್‌ಗಳು ವರ್ಷಗಟ್ಟಲೆ ಬದುಕಿದ್ದರ ಹಿಂದೆಯೂ ಇಂಥ ಶಾಖವಿದೆ.

ಮಾತು ಮುಟ್ಟಿಸುವುದು

ಪ್ರಜ್ಞಾನ್ ಭೂಮಿಯ ಜೊತೆ ಮಾತಾಡುತ್ತಿರಲಿಲ್ಲ. ವಿಕ್ರಮ್‌ಗೆ ಹೇಳುತ್ತಿತ್ತು, ವಿಕ್ರಮ್ ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿರುವ 32 ಮೀಟರ್ ಅಗಲದ ಡಿಶ್‌ಗೆ ದಾಟಿಸುತ್ತಿತ್ತು. ಚಂದ್ರ ನಮಗೆ ಮುಳುಗಿದ ಹೊತ್ತಿನಲ್ಲಿ ಬೇರೆ ದೇಶಗಳ ಡಿಶ್‌ಗಳ ನೆರವು ಬೇಕು. ರೋವರ್ ಓಡಿಸುವುದೂ ನಿಧಾನದ ಕೆಲಸ: ಚಿತ್ರ ತರಿಸಿಕೊ, ನೆಲದ ಏರುತಗ್ಗಿನ ನಕ್ಷೆ ಮಾಡು, ದಾರಿ ಗೊತ್ತುಮಾಡು, ಆದೇಶ ಕಳಿಸು. ಒಂದು ಸಲಕ್ಕೆ ಹೆಚ್ಚೆಂದರೆ 5 ಮೀಟರ್, ಸೆಕೆಂಡಿಗೆ ಒಂದು ಸೆಂ.ಮೀ. ಒಮ್ಮೆ 4 ಮೀಟರ್ ಅಗಲದ ಕುಳಿ ಮೂರೇ ಮೀಟರ್ ಮುಂದೆ ಕಂಡು ಹಿಂದೆ ಸರಿಯಬೇಕಾಯಿತು. ಹತ್ತು ದಿನದಲ್ಲಿ ಓಡಿದ್ದು ನೂರು ಮೀಟರ್ ಚಿಲ್ಲರೆ.

ಚಂದ್ರನ ಆಚೆ ಮುಖ ಭೂಮಿಗೆ ಎಂದೂ ಕಾಣುವುದಿಲ್ಲ. ಅಲ್ಲಿ 2019ರಲ್ಲಿ ಇಳಿದ ಚೀನಾದ ಚಾಂಗ್'ಇ-4ಕ್ಕಾಗಿ ಅದಕ್ಕೂ ಮೊದಲೇ, ಎರಡೂ ಕಡೆ ಕಾಣುವ ಜಾಗದಲ್ಲಿ, ಸುದ್ದಿ ದಾಟಿಸುವ ಉಪಗ್ರಹವನ್ನು ನಿಲ್ಲಿಸಬೇಕಾಯಿತು.

ಮಣ್ಣು ತರುವುದು, ನೆಲ ಕೊರೆಯುವುದು

2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕ, 2,104 ಕೋಟಿ ರೂಪಾಯಿಯ ಚಂದ್ರಯಾನ-4ರ ಗುರಿ ಕಲ್ಲುಮಣ್ಣು ತರುವುದು. ಇಳಿಯುವ ಭಾಗದ ಮೇಲೆ ಮತ್ತೆ ಏಳುವ ಭಾಗ ಕೂತಿರುತ್ತದೆ. ಅದು ಮಣ್ಣಿನ ಡಬ್ಬಿ ಹೊತ್ತು ಮೇಲೆದ್ದು, ಕಕ್ಷೆಯಲ್ಲಿ ಕಾಯುವ ನೌಕೆಗೆ ಜೋಡಿಯಾಗಿ, ಡಬ್ಬಿ ದಾಟಿಸಬೇಕು. ಡಬ್ಬಿ ಹೊತ್ತ ಭಾಗ ಭೂಮಿಯ ಗಾಳಿಗೆ ಹೊಕ್ಕು, ಆಗ ಏಳುವ ಬೆಂಕಿ ತಡೆದು ಕೆಳಗಿಳಿಯಬೇಕು. ಒಟ್ಟು ಐದು ಭಾಗ, ಎರಡು ರಾಕೆಟ್. ಬಾಹ್ಯಾಕಾಶದಲ್ಲಿ ಎರಡು ನೌಕೆ ಜೋಡಿಸುವ ಅಭ್ಯಾಸವನ್ನು ಇಸ್ರೊ 2025ರ ಜನವರಿ 16ರಂದು, ತಲಾ 220 ಕೆ.ಜಿ.ಯ ಎರಡು ಉಪಗ್ರಹಗಳಲ್ಲಿ, ಭೂಮಿಯ ಕಕ್ಷೆಯಲ್ಲೇ ಮಾಡಿ ನೋಡಿದೆ. ಚಂದ್ರನಿಂದ ಮೇಲೇಳುವ ಅಭ್ಯಾಸ ಸಣ್ಣದಾಗಿ ವಿಕ್ರಮ್‌ನಲ್ಲೇ ಆಯಿತು: 2023ರ ಸೆಪ್ಟೆಂಬರ್ 3ರಂದು ಎಂಜಿನ್ ಮತ್ತೆ ಉರಿಸಿ ಸುಮಾರು 40 ಸೆಂ.ಮೀ. ನೆಗೆಯಿತು. ಚೀನಾ ಈ ಕೆಲಸವನ್ನು ಎರಡು ಸಲ ಮುಗಿಸಿದೆ. 2020ರಲ್ಲಿ 1,731 ಗ್ರಾಂ, 2024ರಲ್ಲಿ ಆಚೆ ಮುಖದಿಂದ 1,935 ಗ್ರಾಂ ಮಣ್ಣು ತಂದಿತು.

ಜಪಾನಿನ ಜೊತೆಗಿನ ಚಂದ್ರಯಾನ-5ರಲ್ಲಿ ಲ್ಯಾಂಡರ್ ನಮ್ಮದು, ರೋವರ್ ಅವರದು, ಹುಡುಕುವುದು ಧ್ರುವದ ನೆಲದಡಿಯ ನೀರು. ಸುಮಾರು ಒಂದೂವರೆ ಮೀಟರ್ ಕೊರೆಯಬೇಕು. ಮಂಡ್ಯದ ಹೊಲಗಳಲ್ಲಿ ನೂರಾರು ಅಡಿ ಬೋರ್‌ವೆಲ್ ಕೊರೆಸುವವರಿಗೆ ಐದು ಅಡಿ ಯಾವ ಲೆಕ್ಕ ಅನ್ನಿಸಬಹುದು. ಬೋರ್‌ವೆಲ್ ಲಾರಿ ತನ್ನ ಭಾರವನ್ನೆಲ್ಲ ಬಿಟ್ಟಿನ (ಕೊರೆಯುವ ತುದಿಯ) ಮೇಲೆ ಹೇರುತ್ತದೆ, ಕಂಪ್ರೆಸರ್ ಗಾಳಿ ಊದಿ ಪುಡಿಯನ್ನು ಹೊರಗೆಸೆಯುತ್ತದೆ, ಬಿಟ್ ತಣ್ಣಗಿಡುತ್ತದೆ. ಚಂದ್ರನಲ್ಲಿ ರೋವರ್‌ನ ತೂಕ ಆರನೇ ಒಂದು ಪಾಲು. ಹೆಚ್ಚು ಒತ್ತಿದರೆ ಬಿಟ್ ಇಳಿಯುವ ಬದಲು ರೋವರ್ ಮೇಲೇಳುತ್ತದೆ. ಊದಲು ಗಾಳಿಯಿಲ್ಲ, ಪುಡಿ ತಿರುಪಿನ ಸುರುಳಿಯಲ್ಲೇ ಹತ್ತಿ ಬರಬೇಕು. ತಿಕ್ಕಾಟದ ಬಿಸಿ ಎಲ್ಲೂ ಹೋಗದೆ ಬಿಟ್ಟಿನಲ್ಲೇ ನಿಲ್ಲುತ್ತದೆ, ನಿರ್ವಾತದಲ್ಲಿ ಬಿಸಿ ತಾಗಿದ ಐಸ್ ನೀರಾಗದೆ ನೇರ ಆವಿಯಾಗಿ ಹಾರಿಹೋಗುತ್ತದೆ. ಆದ್ದರಿಂದ ಸ್ವಲ್ಪ ಕೊರೆದು, ನಿಲ್ಲಿಸಿ, ತಣಿಯಲು ಬಿಟ್ಟು, ಬಂದ ಪುಡಿಯನ್ನು ಮುಚ್ಚಿದ ಪಾತ್ರೆಗೆ ಹಾಕಿ ಅಳೆದು, ಮತ್ತೆ ಕೊರೆಯಬೇಕು.